ಹೊಸ ಕಂಪ್ಯೂಟರ್ ಆನ್ ಆಗದಿದ್ದರೆ ‘ಬೋರ್ಡ್ ಸುಟ್ಟುಹೋಗಿದೆ’ ಎಂದೇ ಅರ್ಥವೇ?

‘ಹೊಸದಾಗಿ ಜೋಡಿಸಿದ ಕಂಪ್ಯೂಟರ್‌ನಲ್ಲಿ ಫ್ಯಾನ್ ತಿರುಗಿಯೂ 30 ಸೆಕೆಂಡಿನಲ್ಲಿ ಸ್ಕ್ರೀನ್ ಬರದಿದ್ದರೆ ಬೋರ್ಡ್ ಹೋಗಿದೆ, ಕೂಡಲೇ ಆಫ್ ಮಾಡಿ. ರ‍್ಯಾಮ್ ತೆಗೆದು ಪೆನ್ಸಿಲ್ ರಬ್ಬರಿನಿಂದ ಚೆನ್ನಾಗಿ ಉಜ್ಜಿ. ಬ್ಯಾಟರಿ ಕಿತ್ತು ಹಾಕಿ. ಆಗಲೂ ಬರದಿದ್ದರೆ ಎಸ್‌ಎಂಪಿಎಸ್ ಬಿಚ್ಚಿ ಒಳಗಿನ ಕರೆಂಟ್ ಖಾಲಿ ಮಾಡಿ. ಎಲ್ಲರಿಗೂ ಶೇರ್ ಮಾಡಿ, ಸಾವಿರಾರು ರೂಪಾಯಿ ಉಳಿಸಿ.’

ಈ ಧಾಟಿಯ ಮೆಸೇಜನ್ನು ನಮಗೆ ಕಳಿಸಿ, ‘ಇದು ನಿಜವೇ?’ ಎಂದು ಕೇಳಿದವರು ಸೋಮನಾಥಪುರದ ಒಬ್ಬ ಓದುಗರು. ಮೈಸೂರಿನಿಂದ ಸುಮಾರು 35 ಕಿ.ಮೀ. ದೂರದಲ್ಲಿ, ತಿ. ನರಸೀಪುರ ತಾಲ್ಲೂಕಿನಲ್ಲಿರುವ ಅದೇ ಊರು, 13ನೇ ಶತಮಾನದ ಕೇಶವ ದೇವಾಲಯದ ಊರು. ಮದುವೆ ಫೋಟೊ, ವಿಡಿಯೊ ಎಡಿಟಿಂಗ್ ಮಾಡಿ ಸಂಪಾದಿಸಬೇಕೆಂದು ಇವರ ಮಗ ಬಿಡಿಭಾಗಗಳನ್ನು ಒಂದೊಂದಾಗಿ ತರಿಸಿ, ಯೂಟ್ಯೂಬ್ ನೋಡಿಕೊಂಡು, ಮನೆಯಲ್ಲೇ ಒಂದು ಕಂಪ್ಯೂಟರ್ ಜೋಡಿಸಿದ್ದ. ಭತ್ತ ಮಾರಿದ ದುಡ್ಡು ಅದರಲ್ಲಿ ಹೋಗಿತ್ತು. ಆಯುಧಪೂಜೆಗೆ ಮೂರು ದಿನ ಇರುವಾಗ ಬಟನ್ ಒತ್ತಿದ. ಫ್ಯಾನ್ ತಿರುಗಿತು, ಬಣ್ಣದ ದೀಪಗಳು ಹತ್ತಿದವು, ಮಾನಿಟರ್ ಮಾತ್ರ ‘ನೋ ಸಿಗ್ನಲ್’ ಎಂದು ಕಪ್ಪಾಗಿ ಕೂತಿತು.

ಮೆಸೇಜಿನಲ್ಲಿ ಹೇಳಿದ್ದನ್ನೆಲ್ಲ ಅವನು ಸಾಲಾಗಿ ಮಾಡಿದ. ರಬ್ಬರಿನಲ್ಲಿ ಉಜ್ಜಿದ, ಬ್ಯಾಟರಿ ಕಿತ್ತ. ಅಂಗಡಿಯೊಂದಕ್ಕೆ ಫೋನ್ ಮಾಡಿದರೆ ‘ಬೋರ್ಡ್ ಹೋಗಿರ್ತದೆ, ಹೊಸದು ಹಾಕಿಸಿ’ ಎಂಬ ಉತ್ತರ ಬಂತು. ಕಂಪ್ಯೂಟರನ್ನು ನೋಡದೆಯೇ! ಕೊನೆಗೆ ಸ್ಕ್ರೂಡ್ರೈವರ್ ಹಿಡಿದು ಎಸ್‌ಎಂಪಿಎಸ್ ಡಬ್ಬ ಬಿಚ್ಚಲು ಕೂತಾಗ, ವೈರಿಂಗ್ ಕೆಲಸ ಮಾಡುವ ಅವನ ಸೋದರಮಾವ ಬಂದು ತಡೆದರಂತೆ: ‘ಅದ್ರೊಳಕ್ಕೆ ಕೈ ಹಾಕ್ಬೇಡ ಕಣೋ, ಪ್ಲಗ್ ಕಿತ್ತಿದ್ರೂ ಹೊಡೀತದೆ.’

ಮಾವ ಹೇಳಿದ್ದು ಅಕ್ಷರಶಃ ಸರಿ. ಆ ಮೆಸೇಜಿನಲ್ಲಿ ಅಪಾಯಕಾರಿಯಾದ ಸಾಲು ಅದೇ ಆದ್ದರಿಂದ ಮೊದಲು ಅದನ್ನೇ ನೋಡೋಣ.

ಎಸ್‌ಎಂಪಿಎಸ್ ಬಿಚ್ಚಲೇಬೇಡಿ

ಗೋಡೆಯ ಸಾಕೆಟ್ಟಿನಿಂದ ಬರುವ 230 ವೋಲ್ಟ್ ಎಸಿ ಕರೆಂಟನ್ನು ಕಂಪ್ಯೂಟರಿಗೆ ಬೇಕಾದ 12, 5 ಮತ್ತು 3.3 ವೋಲ್ಟ್ ಡಿಸಿಯಾಗಿ ಬದಲಿಸಿಕೊಡುವ ಡಬ್ಬವೇ ಎಸ್‌ಎಂಪಿಎಸ್. ಈ ಕೆಲಸಕ್ಕಾಗಿ ಅದು ಮೊದಲು 230 ವೋಲ್ಟನ್ನು ಸುಮಾರು 325 ವೋಲ್ಟ್ ಡಿಸಿ ಮಾಡಿಕೊಂಡು ಒಂದು ದೊಡ್ಡ ಕೆಪ್ಯಾಸಿಟರಿನಲ್ಲಿ ತುಂಬಿಡುತ್ತದೆ. ಈಗ ಬರುವ ಒಳ್ಳೆಯ ದರ್ಜೆಯ ಎಸ್‌ಎಂಪಿಎಸ್‌ಗಳಲ್ಲಿ ಇದು 380ರಿಂದ 400 ವೋಲ್ಟ್‌ವರೆಗೂ ಇರುತ್ತದೆ. ಹೊಲದ ಮೂಲೆಯ ತೊಟ್ಟಿಯಲ್ಲಿ ನೀರು ನಿಂತ ಹಾಗೆ ಪ್ಲಗ್ ಕಿತ್ತ ಮೇಲೂ ಆ ಚಾರ್ಜ್ ಅಲ್ಲಿ ನಿಂತಿರಬಹುದು. ಸ್ವಲ್ಪ ಹೊತ್ತಿನಲ್ಲಿ ಇಳಿದುಹೋಗಲು ಸಾಮಾನ್ಯವಾಗಿ ಒಳಗೊಂದು ರೆಸಿಸ್ಟರ್ ಇರುತ್ತದೆ. ಅದೇ ಕೆಟ್ಟಿದ್ದರೆ? ಹೊರಗಿನಿಂದ ನೋಡಿ ತಿಳಿಯುವ ದಾರಿಯಿಲ್ಲ.

ಹೊಸ ಎಸ್‌ಎಂಪಿಎಸ್‌ನ ಸ್ಕ್ರೂ ಮೇಲೆ ಅಂಟಿಸಿರುವ ಸ್ಟಿಕ್ಕರ್ ಹರಿದರೆ ವಾರಂಟಿಯೂ ಹೋಗುತ್ತದೆ. ಕೆಟ್ಟಿದ್ದರೆ ಬದಲಿಸಿಕೊಳ್ಳಿ. ಒಳಗೆ ಕೈ ಹಾಕುವ ಕಾರಣವೇ ಮನೆಮಂದಿಗೆ ಇಲ್ಲ.

‘ಒಳಗಿನ ಕರೆಂಟ್ ಖಾಲಿ ಮಾಡುವುದು’ ಎಂಬ ಮಾತಿಗೆ ಒಂದು ಸರಿಯಾದ ರೂಪವೂ ಇದೆ. ಪ್ಲಗ್ ಕಿತ್ತು, ಕ್ಯಾಬಿನೆಟ್ಟಿನ ಮುಂದಿನ ಬಟನ್ನನ್ನು ಹತ್ತಿಪ್ಪತ್ತು ಸೆಕೆಂಡು ಒತ್ತಿ ಹಿಡಿಯುವುದು. ಬೋರ್ಡಿನಲ್ಲಿ ಉಳಿದ ಅಲ್ಪಸ್ವಲ್ಪ ಚಾರ್ಜ್ ಇಳಿದುಹೋಗುತ್ತದೆ, ಕೆಲವೊಮ್ಮೆ ಸಿಕ್ಕಿಹಾಕಿಕೊಂಡ ಬೋರ್ಡ್ ಸರಿಹೋಗುವುದೂ ಉಂಟು. ಇದರಿಂದ ಹಾನಿಯಿಲ್ಲ, ಧಾರಾಳವಾಗಿ ಮಾಡಬಹುದು.

ಬಟನ್ ಒತ್ತಿದಾಗ ನಿಜಕ್ಕೂ ಏನಾಗುತ್ತದೆ?

ಫ್ಯಾನಿನ ಸ್ವಿಚ್ಚು ಒತ್ತಿದರೆ ಕರೆಂಟು ನೇರವಾಗಿ ಫ್ಯಾನಿಗೆ ಹರಿಯುತ್ತದೆ. ಕಂಪ್ಯೂಟರಿನ ಬಟನ್ ಹಾಗಲ್ಲ. ಅದು 230 ವೋಲ್ಟನ್ನು ಮುಟ್ಟುವುದೇ ಇಲ್ಲ. ಬಾಗಿಲ ಬಳಿ ನಿಂತು ‘ಯಾರಿದ್ದೀರಾ?’ ಎಂದು ಕೂಗುವುದಷ್ಟೇ ಅದರ ಕೆಲಸ.

ಪ್ಲಗ್ ಹಾಕಿ ಹಿಂದಿನ ಸ್ವಿಚ್ ಹಾಕಿದ ಕ್ಷಣದಿಂದಲೇ ಎಸ್‌ಎಂಪಿಎಸ್ 5 ವೋಲ್ಟಿನ ಒಂದು ಸಣ್ಣ ಲೈನನ್ನು ಸದಾ ಜೀವಂತ ಇಟ್ಟಿರುತ್ತದೆ. ಬಟನ್ ಒತ್ತಿದಾಗ ಮದರ್‌ಬೋರ್ಡ್ ಆ ಕೂಗು ಕೇಳಿಸಿಕೊಂಡು, 24 ಪಿನ್ನಿನ ದೊಡ್ಡ ಕನೆಕ್ಟರಿನ ಒಂದು ತಂತಿಯ ಮೂಲಕ ಎಸ್‌ಎಂಪಿಎಸ್‌ಗೆ ‘ಶುರು ಮಾಡು’ ಎನ್ನುತ್ತದೆ. ಎಸ್‌ಎಂಪಿಎಸ್ ತನ್ನ ವೋಲ್ಟೇಜ್‌ಗಳನ್ನೆಲ್ಲ ಎಬ್ಬಿಸಿ, ಅವು ಸರಿಯಾಗಿವೆ ಎಂದು ನೋಡಿಕೊಂಡು, ಸೆಕೆಂಡಿನ ಹತ್ತನೆಯ ಒಂದು ಭಾಗದಿಂದ ಅರ್ಧ ಸೆಕೆಂಡಿನೊಳಗೆ ‘ಕರೆಂಟ್ ಸರಿಯಿದೆ’ ಎಂಬ ಸಂಕೇತವನ್ನು ವಾಪಸ್ ಕಳಿಸುತ್ತದೆ. ಇದು ಬರುವವರೆಗೆ ಪ್ರೊಸೆಸರನ್ನು ಬೋರ್ಡ್ ತಡೆದು ನಿಲ್ಲಿಸಿರುತ್ತದೆ. ಬಂದ ಮೇಲೆ ಪ್ರೊಸೆಸರ್ ಎದ್ದು, ಬೋರ್ಡಿನ ಮೇಲಿನ ಬಯೋಸ್ ಚಿಪ್ಪಿನಿಂದ ತನ್ನ ಮೊದಲ ಆದೇಶವನ್ನು ಓದುತ್ತದೆ. ಆಮೇಲೆ ರ‍್ಯಾಮ್ ಇದೆಯೇ, ಗ್ರಾಫಿಕ್ಸ್ ಇದೆಯೇ, ಡಿಸ್ಕ್ ಇದೆಯೇ ಎಂದು ಒಂದೊಂದಾಗಿ ಪರೀಕ್ಷಿಸುತ್ತಾ ಹೋಗುತ್ತದೆ. ಮಾನಿಟರಿನಲ್ಲಿ ಬೆಳಕು ಕಾಣುವುದು ಇದರಲ್ಲಿ ಮುಕ್ಕಾಲು ದಾರಿ ಮುಗಿದ ಮೇಲೆ.

ಆದ್ದರಿಂದ ‘ಆನ್ ಆಗುತ್ತಿಲ್ಲ’ ಎಂಬುದು ಒಂದೇ ಕಾಯಿಲೆಯ ಹೆಸರಲ್ಲ. ಈ ಸರಪಳಿ ಎಲ್ಲಿ ನಿಂತಿದೆ ಎಂದು ಕೇಳಬೇಕು. ಕಂಪ್ಯೂಟರ್ ಅದನ್ನು ತಾನೇ ಹೇಳುತ್ತದೆ. ಈಚಿನ ಹಲವು ಬೋರ್ಡುಗಳ ಅಂಚಿನಲ್ಲಿ ಅಕ್ಕಿಕಾಳಿನಷ್ಟು ದೊಡ್ಡ ನಾಲ್ಕು ದೀಪಗಳಿದ್ದು, ಪಕ್ಕದಲ್ಲಿ ಸಿಪಿಯು, ಡಿರ‍್ಯಾಮ್, ವಿಜಿಎ, ಬೂಟ್ ಎಂದು ಬರೆದಿರುತ್ತದೆ. ಯಾವುದರ ಮೇಲೆ ದೀಪ ನಿಂತಿದೆಯೋ ಕೆಲಸ ಅಲ್ಲಿ ನಿಂತಿದೆ. ದೀಪಗಳಿಲ್ಲದ ಬೋರ್ಡಿಗೆ ಪುಟ್ಟ ಸ್ಪೀಕರ್ ಸಿಕ್ಕಿಸಿದರೆ ಬೀಪ್ ಶಬ್ದಗಳಲ್ಲಿ ಅದೇ ಮಾತು ಕೇಳುತ್ತದೆ. ಯಾವ ಬೀಪಿಗೆ ಏನರ್ಥ ಎಂಬುದು ಬೋರ್ಡಿನ ಜೊತೆ ಬಂದ ಪುಸ್ತಕದಲ್ಲಿರುತ್ತದೆ. ಆ ಪುಸ್ತಕವನ್ನು ಡಬ್ಬದಲ್ಲೇ ಬಿಟ್ಟು ವಾಟ್ಸ್ಯಾಪ್ ಓದುವುದು ನಮ್ಮೆಲ್ಲರ ಅಭ್ಯಾಸ.

ಏನೂ ಆಗದೇ ಇದ್ದರೆ

ಫ್ಯಾನೂ ಇಲ್ಲ, ದೀಪವೂ ಇಲ್ಲ ಎಂದರೆ ಜನ ಹೆಚ್ಚು ಗಾಬರಿಯಾಗುತ್ತಾರೆ. ಆದರೆ ಬಗೆಹರಿಸಲು ಸುಲಭವಾದ ಸ್ಥಿತಿ ಬಹುಮಟ್ಟಿಗೆ ಇದೇ. ಸಾಕೆಟ್ಟಿಗೆ ಮೊಬೈಲ್ ಚಾರ್ಜರ್ ಹಾಕಿ ಕರೆಂಟ್ ಇದೆಯೇ ನೋಡಿ. ಎಸ್‌ಎಂಪಿಎಸ್ ಹಿಂಭಾಗದ ಸ್ವಿಚ್ಚಿನಲ್ಲಿ ಗೆರೆಯ ಗುರುತು ಆನ್, ಸೊನ್ನೆಯ ಗುರುತು ಆಫ್. ನಗಬೇಡಿ, ಹತ್ತಾರು ಸಾವಿರದ ಸಾಮಾನು ಜೋಡಿಸಿದವರು ಈ ಸೊನ್ನೆಯ ಮುಂದೆ ರಾತ್ರಿಯೆಲ್ಲ ಕೂತದ್ದುಂಟು.

ಕೆಲವು ಅಗ್ಗದ ಎಸ್‌ಎಂಪಿಎಸ್‌ಗಳಲ್ಲಿ ಅದರ ಪಕ್ಕ 115 ಮತ್ತು 230 ಎಂದು ಬರೆದ ಇನ್ನೊಂದು ಕೆಂಪು ಸ್ವಿಚ್ ಇರುತ್ತದೆ. ನಮ್ಮ ದೇಶದಲ್ಲಿ ಅದು 230ರಲ್ಲೇ ಇರಬೇಕು. 115ರಲ್ಲಿಟ್ಟು ಪ್ಲಗ್ ಹಾಕಿದರೆ ಒಳಗಿನ ವೋಲ್ಟೇಜ್ ಇಮ್ಮಡಿಯಾಗಿ ಪಟಾಕಿಯಂತೆ ಸಿಡಿಯಬಹುದು. ಇದೊಂದನ್ನು ಮಾತ್ರ ಪ್ಲಗ್ ಹಾಕುವ ಮೊದಲೇ ನೋಡಬೇಕು.

ಮುಂದಿನ ಅನುಮಾನ ಬಟನ್ನಿನದೇ. ಕ್ಯಾಬಿನೆಟ್ಟಿನ ಬಟನ್ನಿನಿಂದ ಬರುವ ಎರಡು ಪುಟ್ಟ ತಂತಿಗಳನ್ನು ಬೋರ್ಡಿನ ಕೆಳಮೂಲೆಯಲ್ಲಿ ಸರಿಯಾದ ಎರಡು ಪಿನ್ನುಗಳ ಮೇಲೆ ಕೂರಿಸಬೇಕು. ಒಂದು ಸಾಲು ಆಚೀಚೆಯಾದರೆ ಸಾಕು, ಬಟನ್ ಸತ್ತಂತೆ. ಆ ಎರಡು ಪಿನ್ನುಗಳನ್ನು ಸ್ಕ್ರೂಡ್ರೈವರ್ ತುದಿಯಿಂದ ಒಂದು ಕ್ಷಣ ಕೂಡಿಸಿದಾಗ ಕಂಪ್ಯೂಟರ್ ಎದ್ದರೆ ತಪ್ಪು ಬಟನ್ನಿನಲ್ಲಿ ಅಥವಾ ಅದರ ತಂತಿಯಲ್ಲಿದೆ. ಅಲ್ಲಿರುವುದು ಕೇವಲ 3ರಿಂದ 5 ವೋಲ್ಟ್ ಆದ್ದರಿಂದ ಕೈಗೆ ಶಾಕ್ ಹೊಡೆಯುವುದಿಲ್ಲ. ಆದರೆ ಪುಸ್ತಕದಲ್ಲಿ ‘ಪವರ್ ಸ್ವಿಚ್’ ಎಂದು ತೋರಿಸಿರುವ ಎರಡನ್ನೇ ಮುಟ್ಟಿಸಿ. ‘ಯಾವ ಎರಡು ಪಿನ್ ಕೂಡಿಸಿದರೂ ಆಗುತ್ತದೆ’ ಎನ್ನುವ ವಿಡಿಯೊಗಳನ್ನು ನಾವೂ ನೋಡಿದ್ದೇವೆ. ಪಕ್ಕದ ಪಿನ್ನುಗಳಲ್ಲಿ ಯುಎಸ್‌ಬಿಗೆ ಹೋಗುವ 5 ವೋಲ್ಟ್ ಇದ್ದರೆ ಬೋರ್ಡ್ ನಿಜವಾಗಿಯೂ ಹಾಳಾಗಬಹುದು.

ಒಂದು ಸುತ್ತು ತಿರುಗಿ ನಿಂತರೆ

ಫ್ಯಾನ್ ಅರ್ಧ ಸುತ್ತು ತಿರುಗಿ ನಿಂತುಬಿಟ್ಟರೆ ಎಸ್‌ಎಂಪಿಎಸ್ ಎಲ್ಲೋ ಶಾರ್ಟ್ ಕಂಡು ತನ್ನನ್ನು ತಾನೇ ಉಳಿಸಿಕೊಂಡಿದೆ ಎಂದು ಅನುಮಾನಿಸಬಹುದು. ಹೊಸದಾಗಿ ಜೋಡಿಸಿದ ಕಂಪ್ಯೂಟರಿನಲ್ಲಿ ಇದಕ್ಕೆ ಪದೇ ಪದೇ ಸಿಗುವ ಕಾರಣ, ಬೋರ್ಡಿನ ಅಡಿಯ ಹಿತ್ತಾಳೆ ಸ್ಟ್ಯಾಂಡ್‌ಗಳು. ಬೋರ್ಡಿನಲ್ಲಿ ತೂತು ಇರುವಲ್ಲಿ ಮಾತ್ರ ಅವು ಇರಬೇಕು. ತೂತಿಲ್ಲದ ಕಡೆ ಒಂದು ಹೆಚ್ಚಿಗೆ ಉಳಿದಿದ್ದರೆ ಅದರ ತಲೆ ಬೋರ್ಡಿನ ಬೆನ್ನಿಗೆ ತಾಗುತ್ತದೆ. ಒಳಗೆ ಬಿದ್ದುಹೋದ ಒಂದು ಸ್ಕ್ರೂ ಕೂಡ ಇದನ್ನೇ ಮಾಡಬಲ್ಲದು.

ಇಲ್ಲಿ ಒಳ್ಳೆಯ ಉಪಾಯ, ಬೋರ್ಡನ್ನು ಕ್ಯಾಬಿನೆಟ್ಟಿನಿಂದ ಹೊರತೆಗೆದು ಅದು ಬಂದ ರಟ್ಟಿನ ಡಬ್ಬದ ಮೇಲೆಯೇ ಇಟ್ಟು ನೋಡುವುದು. ಪ್ರೊಸೆಸರ್, ಅದರ ಕೂಲರ್, ಒಂದೇ ಒಂದು ರ‍್ಯಾಮ್, ಎಸ್‌ಎಂಪಿಎಸ್ ಇಷ್ಟು ಸಾಕು. ಪ್ರೊಸೆಸರಿನಲ್ಲಿ ಗ್ರಾಫಿಕ್ಸ್ ಇಲ್ಲದಿದ್ದರೆ ಮಾತ್ರ ಗ್ರಾಫಿಕ್ಸ್ ಕಾರ್ಡ್. ಹೊರಗೆ ಎದ್ದರೆ ದೋಷ ಕ್ಯಾಬಿನೆಟ್ಟಿನದು. ಬೋರ್ಡ್ ಸುತ್ತಿ ಬಂದ ಹೊಳೆಯುವ ಚೀಲದ ಮೇಲೆ ಇಟ್ಟು ಆನ್ ಮಾಡಬೇಡಿ. ಆ ಚೀಲದ ಮೈ ಸ್ವಲ್ಪ ಮಟ್ಟಿಗೆ ವಿದ್ಯುತ್ ಹರಿಯಲು ಬಿಡುವಂಥದ್ದು. ಸ್ಟಾಟಿಕ್‌ನಿಂದ ಕಾಪಾಡಲೆಂದೇ ಅದನ್ನು ಹಾಗೆ ಮಾಡಿರುತ್ತಾರೆ.

ಮೊದಲ ಸಲ ಆನ್ ಮಾಡುವಾಗ ಒಂದೆರಡು ಬಾರಿ ತಾನಾಗಿ ಆಫ್ ಆಗಿ ಮತ್ತೆ ಏಳುವುದು ಕೆಲವು ಬೋರ್ಡುಗಳಲ್ಲಿ ಸಹಜ. ಅದಕ್ಕೆ ಹೆದರಬೇಕಿಲ್ಲ.

ಫ್ಯಾನ್ ತಿರುಗುತ್ತದೆ, ಸ್ಕ್ರೀನ್ ಇಲ್ಲ

ಸೋಮನಾಥಪುರದ ಹುಡುಗನದು ಈ ಸ್ಥಿತಿ. ‘ಫ್ಯಾನ್ ತಿರುಗಿದ ಮೇಲೆ ಕರೆಂಟ್ ಸರಿ ಇದೆ, ಹಾಗಾದರೆ ಬೋರ್ಡೇ ಹೋಗಿದೆ’ ಎಂಬ ತರ್ಕ ಕೇಳಲು ಚೆನ್ನಾಗಿದೆ. ಆದರೆ ಫ್ಯಾನಿಗೆ ಬೇಕಾದದ್ದು 12 ವೋಲ್ಟ್ ಮಾತ್ರ. ಅದು ಬುದ್ಧಿಯಿಲ್ಲದ ಸಾಧನ, ಪ್ರೊಸೆಸರ್ ಎದ್ದಿರಲಿ ಬಿಡಲಿ ತಿರುಗುತ್ತದೆ.

ಅವನಿಗೆ ನಾವು ಬೋರ್ಡಿನ ಫೋಟೊ ಕಳಿಸಲು ಹೇಳಿದೆವು. ಫೋಟೊದಲ್ಲಿ ಸಿಪಿಯು ದೀಪ ಹತ್ತಿತ್ತು. ಬೋರ್ಡಿನ ಮೇಲಿನ ಎಡಮೂಲೆಯಲ್ಲಿ, ಕೂಲರಿನ ನೆರಳಿನಲ್ಲಿ, 8 ತೂತಿನ ಒಂದು ಕನೆಕ್ಟರ್ ಖಾಲಿ ಇತ್ತು. ಪ್ರೊಸೆಸರಿಗೆಂದೇ ಇರುವ ಪ್ರತ್ಯೇಕ ಕರೆಂಟ್ ದಾರಿ ಅದು. 24 ಪಿನ್ನಿನ ದೊಡ್ಡ ಕೇಬಲ್ ಬೋರ್ಡನ್ನು ಸಾಕುತ್ತದೆ, ಪ್ರೊಸೆಸರಿಗೆ ಊಟ ಈ ಚಿಕ್ಕ ದಾರಿಯಲ್ಲೇ ಬರಬೇಕು. ಕೇಬಲ್ ನಾಲ್ಕು ನಾಲ್ಕರ ಎರಡು ತುಂಡಾಗಿ ಬರುವುದರಿಂದ, ಹಾಗೂ ಜಾಗ ಇಕ್ಕಟ್ಟಾಗಿರುವುದರಿಂದ, ಕಂಪ್ಯೂಟರ್ ಜೋಡಿಸುವವರು ಹೆಚ್ಚು ಮರೆಯುವ ಕೇಬಲ್‌ಗಳಲ್ಲಿ ಇದೊಂದು. ಗ್ರಾಫಿಕ್ಸ್ ಕಾರ್ಡಿಗೆ ಕೊಡುವ 8 ಪಿನ್ನಿನ ಕೇಬಲ್ ನೋಡಲು ಹೀಗೇ ಇರುತ್ತದೆ. ಆದರೆ ಅದರ ತಂತಿಗಳ ಜೋಡಣೆ ಬೇರೆ, ಪಿನ್ನುಗಳ ಆಕಾರವೂ ಬೇರೆ. ಬಲವಂತವಾಗಿ ತುರುಕಬೇಡಿ.

ಆ ಕೇಬಲ್ ಹಾಕಿದ ಮೇಲೆ ಸಿಪಿಯು ದೀಪ ಹೋಗಿ ಡಿರ‍್ಯಾಮ್ ದೀಪ ಹತ್ತಿ ನಿಂತಿತು. ಸ್ಕ್ರೀನ್ ಆಗಲೂ ಕಪ್ಪು. ‘ಸರ್, ಈಗ ರ‍್ಯಾಮ್ ಹೋಯ್ತಾ? ರಬ್ಬರಿನಿಂದ ಉಜ್ಜಿದ್ದಕ್ಕೇ ಹೋಯ್ತಾ?’ ಎಂದು ಅವನು ಕೇಳಿದ. ಎಷ್ಟು ಹೊತ್ತು ಕಾದೆ ಎಂದು ಕೇಳಿದೆವು. ಇಪ್ಪತ್ತು ಸೆಕೆಂಡು. ಮೆಸೇಜಿನಲ್ಲಿ 30 ಸೆಕೆಂಡಿಗೆ ಆಫ್ ಮಾಡಿ ಎಂದಿತ್ತಲ್ಲ, ಅದಕ್ಕೂ ಮೊದಲೇ ಪಾಪ ಆಫ್ ಮಾಡುತ್ತಿದ್ದ.

ಅವನು ತೆಗೆದುಕೊಂಡದ್ದು ಎಎಂಡಿಯ ಎಎಂ5 ಮಾದರಿಯ ಬೋರ್ಡು, ಡಿಡಿಆರ್5 ರ‍್ಯಾಮು. ಈ ರ‍್ಯಾಮ್ ಸೆಕೆಂಡಿಗೆ ಕೋಟಿಗಟ್ಟಲೆ ಸಲ ಪ್ರೊಸೆಸರಿನೊಂದಿಗೆ ಮಾತಾಡುತ್ತದೆ. ಆ ವೇಗದಲ್ಲಿ ಬೋರ್ಡಿನ ತಾಮ್ರದ ಗೆರೆಗಳ ಉದ್ದದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಸಂಕೇತಗಳು ಹಿಂದುಮುಂದಾಗುತ್ತವೆ. ಆದ್ದರಿಂದ ಮೊದಲ ಸಲ ಆನ್ ಆದಾಗ ಪ್ರೊಸೆಸರು ಈ ರ‍್ಯಾಮ್ ಜೊತೆ ಬೇರೆ ಬೇರೆ ಸಮಯ, ಬೇರೆ ಬೇರೆ ವೋಲ್ಟೇಜ್ ಹಿಡಿದು ಪ್ರಯೋಗ ಮಾಡಿ, ಯಾವುದರಲ್ಲಿ ಮಾತು ಸ್ಪಷ್ಟವಾಗಿ ಕೇಳುತ್ತದೆ ಎಂದು ಕಂಡುಕೊಳ್ಳುತ್ತದೆ. ಹಾರ್ಮೋನಿಯಂ ಶ್ರುತಿಗೆ ತಂಬೂರಿ ಕೂಡಿಸಿಕೊಳ್ಳುವ ಹಾಗೆ. ಇದನ್ನು ಮೆಮೊರಿ ಟ್ರೈನಿಂಗ್ ಎನ್ನುತ್ತಾರೆ. ಅಷ್ಟು ಹೊತ್ತೂ ಸ್ಕ್ರೀನ್ ಕಪ್ಪಾಗಿರುತ್ತದೆ, ಡಿರ‍್ಯಾಮ್ ದೀಪ ಹತ್ತಿರುತ್ತದೆ. ಇದಕ್ಕೆ ಕೆಲವು ನಿಮಿಷಗಳೇ ಹಿಡಿಯಬಹುದು. ರ‍್ಯಾಮ್ ಹೆಚ್ಚಿದ್ದಷ್ಟೂ ಹೊತ್ತು ಹೆಚ್ಚು. ನಡುವೆ ಆಫ್ ಮಾಡಿದರೆ ಮತ್ತೆ ಮೊದಲಿನಿಂದ. ಬಯೋಸ್ ಬ್ಯಾಟರಿ ಕಿತ್ತು ಹಾಕಿದರೂ ಕಲಿತದ್ದೆಲ್ಲ ಮರೆತು ಮತ್ತೆ ಮೊದಲಿನಿಂದ. ಅಂದರೆ ಮೆಸೇಜಿನ ಎರಡು ಸಲಹೆಗಳು ಸೇರಿ ಈ ಕಂಪ್ಯೂಟರ್ ಎಂದೂ ಏಳದಂತೆ ನೋಡಿಕೊಳ್ಳುತ್ತಿದ್ದವು!

ಆನ್ ಮಾಡಿ, ಕಾಫಿ ಕುಡಿದು ಬಾ, ಕಾಲು ಗಂಟೆ ಮುಟ್ಟಬೇಡ ಎಂದೆವು. ಏಳನೆಯ ನಿಮಿಷಕ್ಕೆ ಸ್ಕ್ರೀನಿನ ಫೋಟೊ ಬಂತು.

ಕಾಲು ಗಂಟೆ ಕಾದರೂ ಡಿರ‍್ಯಾಮ್ ದೀಪ ಆರದಿದ್ದರೆ ಆಗ ರ‍್ಯಾಮನ್ನು ನೋಡಬೇಕು. ಪ್ಲಗ್ ಕಿತ್ತು, ರ‍್ಯಾಮ್ ತೆಗೆದು ಮತ್ತೆ ಕೂರಿಸಿ. ಇದಕ್ಕೆ ನಾವಂದುಕೊಂಡದ್ದಕ್ಕಿಂತ ಹೆಚ್ಚು ಬಲ ಬೇಕು. ಎರಡೂ ತುದಿಗಳಲ್ಲಿ ಒತ್ತಿ, ಕ್ಲಿಪ್ ‘ಟಕ್’ ಎನ್ನಬೇಕು. ನಾಲ್ಕು ಸ್ಲಾಟ್ ಇರುವ ಬೋರ್ಡಿನಲ್ಲಿ ಎರಡು ರ‍್ಯಾಮ್ ಇದ್ದರೆ ಪ್ರೊಸೆಸರಿನ ಕಡೆಯಿಂದ ಎಣಿಸಿ ಎರಡನೆಯ ಮತ್ತು ನಾಲ್ಕನೆಯ ಸ್ಲಾಟಿನಲ್ಲಿ ಹಾಕಬೇಕೆಂದು ಹೆಚ್ಚಿನ ಬೋರ್ಡುಗಳ ಪುಸ್ತಕ ಹೇಳುತ್ತದೆ. ಪಕ್ಕಪಕ್ಕದಲ್ಲಿ ಹಾಕಿ ಕೈಸುಟ್ಟುಕೊಂಡವರು ಬಹಳ.

ವಿಜಿಎ ದೀಪ ನಿಂತಿದ್ದರೆ ಅಥವಾ ದೀಪಗಳೆಲ್ಲ ಆರಿಯೂ ಸ್ಕ್ರೀನ್ ಬಾರದಿದ್ದರೆ ಮಾನಿಟರ್ ಕೇಬಲ್ ನೋಡಿ. ಗ್ರಾಫಿಕ್ಸ್ ಕಾರ್ಡ್ ಇದ್ದರೆ ಕೇಬಲ್ ಅದಕ್ಕೇ ಹೋಗಬೇಕು, ಮೇಲಿರುವ ಬೋರ್ಡಿನ ಎಚ್‌ಡಿಎಂಐಗಲ್ಲ. ಹೆಸರಿನ ಕೊನೆಯಲ್ಲಿ ‘ಎಫ್’ ಇರುವ ಇಂಟೆಲ್ ಪ್ರೊಸೆಸರುಗಳಲ್ಲಿ, ರೈಜನ್ 5 5600ರಂಥ ಹಲವು ಎಎಂಡಿ ಪ್ರೊಸೆಸರುಗಳಲ್ಲಿ ಗ್ರಾಫಿಕ್ಸ್ ಇರುವುದೇ ಇಲ್ಲ. ಅಂಥದ್ದನ್ನು ಕೊಂಡು, ಕಾರ್ಡ್ ಇಲ್ಲದೆ ಬೋರ್ಡಿಗೆ ಮಾನಿಟರ್ ಸಿಕ್ಕಿಸಿದರೆ ಜೀವಮಾನವಿಡೀ ಕಾದರೂ ಚಿತ್ರ ಬಾರದು. ‘ಬೂಟ್’ ದೀಪ ಮಾತ್ರ ಉಳಿದಿದ್ದರೆ ಖುಷಿಪಡಿ. ಹೊಸ ಡಿಸ್ಕ್ ಖಾಲಿ ಇದೆ, ವಿಂಡೋಸ್ ಅಥವಾ ಲಿನಕ್ಸ್ ಇನ್ನೂ ಹಾಕಿಲ್ಲ ಎಂದಷ್ಟೇ.

ಇನ್ನೊಂದು ಕಾರಣವಿದೆ, ಅಂಗಡಿಯವರೂ ಕೆಲವೊಮ್ಮೆ ಹೇಳಲು ಮರೆಯುವಂಥದ್ದು. ಗೋದಾಮಿನಲ್ಲಿ ಕೂತಿದ್ದ ಬೋರ್ಡಿನ ಬಯೋಸ್ ಹಳೆಯದಾಗಿದ್ದು, ಅದಾದ ಮೇಲೆ ಬಂದ ಪ್ರೊಸೆಸರನ್ನು ಗುರುತಿಸದೇ ಇರಬಹುದು. ಇಂಟೆಲ್‌ನ 12ನೇ ತಲೆಮಾರಿನ ಕಾಲದ ಬೋರ್ಡಿಗೆ 14ನೇ ತಲೆಮಾರಿನದನ್ನು ಹಾಕಿದಾಗ, ಬಿ450 ಬೋರ್ಡಿಗೆ ರೈಜನ್ 5000 ಸರಣಿ ಹಾಕಿದಾಗ ಹೀಗಾಗುತ್ತದೆ. ಎರಡೂ ಚೆನ್ನಾಗಿಯೇ ಇರುತ್ತವೆ, ಪರಿಚಯ ಮಾತ್ರ ಇಲ್ಲ. ಕೆಲವು ಬೋರ್ಡುಗಳಲ್ಲಿ ಹಿಂಬದಿಯ ಒಂದು ಬಟನ್ ಒತ್ತಿ ಪೆನ್‌ಡ್ರೈವ್‌ನಿಂದಲೇ ಬಯೋಸ್ ಹೊಸದು ಮಾಡಬಹುದು. ಇಲ್ಲದಿದ್ದರೆ ಅಂಗಡಿಗೆ ಒಯ್ದು, ‘ಬಯೋಸ್ ಅಪ್‌ಡೇಟ್ ಮಾಡಿಕೊಡಿ’ ಎಂದೇ ಕೇಳಿ. ‘ಆನ್ ಆಗ್ತಿಲ್ಲ’ ಎಂದರೆ ಬೇರೆ ಬಿಲ್ ಬರಬಹುದು.

ರಬ್ಬರಿನಿಂದ ಉಜ್ಜುವ ವಿದ್ಯೆ

ಇದು ಪೂರ್ತಿ ಸುಳ್ಳಲ್ಲ. ಹತ್ತು ಹದಿನೈದು ವರ್ಷ ದೂಳು, ತೇವ ಕುಡಿದ ಹಳೆಯ ಕಂಪ್ಯೂಟರುಗಳಲ್ಲಿ ರ‍್ಯಾಮಿನ ಪಟ್ಟಿಗಳ ಮೇಲೆ ಕೊಳೆ ಕೂತು ಸಂಪರ್ಕ ತಪ್ಪುತ್ತದೆ. ರಬ್ಬರಿನಿಂದ ಉಜ್ಜಿದಾಗ ಅದು ಹೋಗಿ ಕಂಪ್ಯೂಟರ್ ಎದ್ದದ್ದನ್ನು ಸೈಬರ್ ಸೆಂಟರುಗಳ ಕಾಲದವರು ಕಣ್ಣಾರೆ ನೋಡಿದ್ದಾರೆ. ಆದರೆ ನಿನ್ನೆ ಡಬ್ಬ ಒಡೆದ ರ‍್ಯಾಮಿನಲ್ಲಿ ಕೊಳೆ ಎಲ್ಲಿಂದ ಬರಬೇಕು? ಅದರ ಮೇಲಿರುವುದು ಅತಿ ತೆಳುವಾದ ಚಿನ್ನದ ಲೇಪ. ಉಜ್ಜಿದಷ್ಟೂ ಅದು ಸವೆಯುತ್ತದೆ, ರಬ್ಬರಿನ ಪುಡಿ ಸ್ಲಾಟಿಗೆ ಬೀಳುತ್ತದೆ, ತಿಕ್ಕಾಟಕ್ಕೆ ಸ್ಟಾಟಿಕ್ ಬೇರೆ ಹುಟ್ಟುತ್ತದೆ. ‘ಉಜ್ಜಿದ ಮೇಲೆ ಸರಿಹೋಯ್ತು’ ಎನ್ನುವವರಲ್ಲಿ ಬಹಳ ಮಂದಿಗೆ ಕೆಲಸ ಮಾಡಿದ್ದು ರಬ್ಬರಲ್ಲ, ತೆಗೆದು ಮತ್ತೆ ಸರಿಯಾಗಿ ಒತ್ತಿ ಕೂರಿಸಿದ್ದು. ನಮ್ಮ ಓದುಗರ ಮಗನ ರ‍್ಯಾಮು ಒಂದೇ ಸಲದ ಉಜ್ಜಾಟದಿಂದ ಪಾರಾಗಿದೆ.

‘ಮುಟ್ಟಿದರೆ ಜುಮ್ಮೆನ್ನುತ್ತದೆ’

ಸ್ಕ್ರೀನ್ ಬಂದ ಮಾರನೆಯ ದಿನ ಅದೇ ಮನೆಯಿಂದ ಇನ್ನೊಂದು ಪ್ರಶ್ನೆ ಬಂತು. ಕ್ಯಾಬಿನೆಟ್ ಮುಟ್ಟಿದರೆ ಬೆರಳು ಜುಮ್ಮೆನ್ನುತ್ತದೆ, ಟೆಸ್ಟರ್ ಇಟ್ಟರೆ ಮಂದವಾಗಿ ಹತ್ತುತ್ತದೆ, ಎಸ್‌ಎಂಪಿಎಸ್ ಕೆಟ್ಟಿದೆಯೇ?

ಸೋಮನಾಥಪುರಕ್ಕೆ ಹೆಚ್ಚು ದೂರವಿಲ್ಲದ ಶಿವನಸಮುದ್ರದಲ್ಲಿ 1902ರಲ್ಲೇ ಕಾವೇರಿ ನೀರಿನಿಂದ ಕರೆಂಟ್ ತೆಗೆದು ಕೋಲಾರದ ಚಿನ್ನದ ಗಣಿಗೆ ಕಳಿಸಿದ್ದರು. ಅದಾಗಿ ನೂರಿಪ್ಪತ್ತು ವರ್ಷ ದಾಟಿದರೂ ನಮ್ಮ ಹಲವು ಮನೆಗಳಲ್ಲಿ ಸಾಕೆಟ್ಟಿನ ಮೂರನೆಯ ದೊಡ್ಡ ತೂತು ಬರೀ ತೂತು, ಹಿಂದೆ ಅರ್ಥಿಂಗ್ ತಂತಿ ಇರುವುದಿಲ್ಲ. ಎಸ್‌ಎಂಪಿಎಸ್‌ನ ಬಾಯಲ್ಲಿ ಎರಡು ಪುಟ್ಟ ಕೆಪ್ಯಾಸಿಟರುಗಳು ಫೇಸಿನಿಂದ ಒಂದು, ನ್ಯೂಟ್ರಲಿನಿಂದ ಒಂದು, ಕ್ಯಾಬಿನೆಟ್ಟಿನ ಲೋಹಕ್ಕೆ ಕೂಡಿರುತ್ತವೆ. ಕಿರಿಕಿರಿಯ ಸಂಕೇತಗಳನ್ನು ನೆಲಕ್ಕೆ ಇಳಿಸಲು ಇರುವ ದಾರಿ ಅದು. ನೆಲದ ದಾರಿಯೇ ಇಲ್ಲದಿದ್ದರೆ ಕ್ಯಾಬಿನೆಟ್ಟು ಎರಡರ ನಡುವೆ, ಹತ್ತಿರ ಹತ್ತಿರ 115 ವೋಲ್ಟಿನಲ್ಲಿ ತೇಲುತ್ತದೆ. ಅಲ್ಲಿ ಹರಿಯಬಲ್ಲ ಕರೆಂಟು ಬಹಳ ಸಣ್ಣದು, ಸಾಮಾನ್ಯವಾಗಿ ಒಂದು ಮಿಲಿಆಂಪಿಯರಿಗಿಂತ ಕಡಿಮೆ. ಅದಕ್ಕೇ ಜುಮ್ಮೆನ್ನುತ್ತದೆ, ಎಸೆಯುವುದಿಲ್ಲ. ಎಸ್‌ಎಂಪಿಎಸ್ ಬದಲಿಸಿದರೆ ಹೊಸದೂ ಹೀಗೇ ಮಾಡುತ್ತದೆ.

ಹಾಗೆಂದು ಚಪ್ಪಲಿ ಹಾಕಿಕೊಂಡು ಸಹಿಸಿಕೊಳ್ಳಿ ಎಂದು ನಾವು ಹೇಳುವುದಿಲ್ಲ. ಅರ್ಥಿಂಗ್ ಇಲ್ಲದ ಮನೆಯಲ್ಲಿ ಮುಂದೊಂದು ದಿನ ನಿಜವಾಗಿ ಫೇಸ್ ತಂತಿ ಕ್ಯಾಬಿನೆಟ್ಟಿಗೆ ತಾಗಿದಾಗ, ಅದನ್ನು ತಡೆಯುವ ಏನೂ ಇರುವುದಿಲ್ಲ. ಜೋರಾಗಿ ಹೊಡೆಯುತ್ತಿದ್ದರೆ ಕೂಡಲೇ ಪ್ಲಗ್ ಕೀಳಿ. ವೈರ್‌ಮನ್ ಕರೆಸಿ ಅರ್ಥಿಂಗ್ ಅಳೆಸಿ, ಆಗುವುದಾದರೆ ಆರ್‌ಸಿಸಿಬಿ ಹಾಕಿಸಿ. ಪ್ಲಗ್ಗಿನ ಮೂರನೆಯ ಪಿನ್ ಮುರಿದು ಎರಡು ಪಿನ್ನಿನ ಸಾಕೆಟ್ಟಿಗೆ ಹಾಕುವುದು, ಅರ್ಥಿಂಗ್ ಬದಲು ನ್ಯೂಟ್ರಲಿಗೆ ತಂತಿ ಕಟ್ಟುವುದು, ಈ ಎರಡೂ ಪ್ರಾಣಕ್ಕೆ ಎರವಾಗುವ ಕೆಲಸ. ಈ ಮನೆಯಲ್ಲಿ ಮಾವನೇ ವೈರಿಂಗ್ ಕೆಲಸದವರಾದ್ದರಿಂದ ಒಂದೇ ದಿನದಲ್ಲಿ ಗುಂಡಿ ತೋಡಿ ಪೈಪ್ ಇಳಿಸಿದರಂತೆ. ಜುಮ್ಮೆನ್ನುವುದು ನಿಂತಿತು.

ಕರೆಂಟಿನದೇ ಇನ್ನೊಂದು ಮಾತು. ಸುತ್ತಲಿನ ಪಂಪ್‌ಸೆಟ್‌ಗಳು ಒಟ್ಟಿಗೆ ಓಡುವ ಹೊತ್ತಿನಲ್ಲಿ ವೋಲ್ಟೇಜ್ ಕುಸಿದರೆ, 200ರಿಂದ 240 ಎಂದು ಬರೆದ ಎಸ್‌ಎಂಪಿಎಸ್ ಏಳದೇ ಇರಬಹುದು. 100ರಿಂದ 240 ಎಂದಿರುವುದು ಏಳುತ್ತದೆ. ಹಾಗೆಯೇ 600 ವಿಎ ಎಂದು ಬರೆದ ಯುಪಿಎಸ್ ಕೊಡುವುದು ಸಾಮಾನ್ಯವಾಗಿ 360 ವ್ಯಾಟ್ ಮಾತ್ರ. ದೊಡ್ಡ ಗ್ರಾಫಿಕ್ಸ್ ಕಾರ್ಡ್ ಇರುವ ಕಂಪ್ಯೂಟರನ್ನು ಅದಕ್ಕೆ ಕಟ್ಟಿ, ಆಫ್ ಆಗುತ್ತದೆ ಎಂದು ಬೋರ್ಡನ್ನು ಬೈಯುವಂತಿಲ್ಲ.

ನಿಜವಾಗಿ ಕೆಟ್ಟಿದ್ದರೆ?

ಹೊಸ ಭಾಗವೂ ಕೆಟ್ಟು ಬರುವುದುಂಟು. ಅಂಥ ಹೊತ್ತಿನಲ್ಲಿ ಕಾಪಾಡುವುದು ಬಿಲ್ಲು ಮತ್ತು ಫೋಟೊ. ಇಂಟೆಲ್‌ನ ಎಲ್‌ಜಿಎ 1700 ಸಾಕೆಟ್ಟಿನಲ್ಲಿ 1700, ಎಎಂ5 ಸಾಕೆಟ್ಟಿನಲ್ಲಿ 1718 ಕೂದಲಿನಂಥ ಪಿನ್ನುಗಳು ಬೋರ್ಡಿನ ಮೇಲಿರುತ್ತವೆ. ಒಂದು ಬಾಗಿದರೂ ಸಾಕು, ‘ಇದು ನೀವೇ ಮಾಡಿದ್ದು’ ಎಂದು ವಾರಂಟಿ ತಿರಸ್ಕರಿಸುತ್ತಾರೆ. ಬೋರ್ಡಿನ ಡಬ್ಬ ಒಡೆದ ಕೂಡಲೇ, ಪ್ರೊಸೆಸರ್ ಇಡುವ ಮೊದಲೇ, ಬೆಳಕಿನಲ್ಲಿ ಸಾಕೆಟ್ಟಿನ ಫೋಟೊ ಒಂದು ತೆಗೆದಿಡಿ. ಸಾಕೆಟ್ಟಿನ ಮೇಲಿನ ಪ್ಲಾಸ್ಟಿಕ್ ಮುಚ್ಚಳವನ್ನು ಎಸೆಯಬೇಡಿ, ವಾಪಸ್ ಕೊಡುವಾಗ ಅದನ್ನೂ ಕೇಳುತ್ತಾರೆ.

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲೋ ಮೈಸೂರಿನಲ್ಲೋ ಆನ್‌ಲೈನಿನಲ್ಲೋ ಎಲ್ಲಿ ಕೊಂಡರೂ, ಪ್ರತಿ ಭಾಗದ ಸೀರಿಯಲ್ ನಂಬರ್ ಇರುವ ಜಿಎಸ್‌ಟಿ ಬಿಲ್ ಪಡೆಯಿರಿ. ವಾರಂಟಿ ಒಳಗಿದ್ದೂ ಬದಲಿಸಿಕೊಡದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ 1915ಕ್ಕೆ ಕರೆ ಮಾಡಬಹುದು. ಅಲ್ಲೂ ಮೊದಲು ಕೇಳುವುದು ಬಿಲ್ಲನ್ನೇ. ರಿಪೇರಿಯವರು ‘ಬೋರ್ಡ್ ಹೋಗಿದೆ’ ಎಂದರೆ ಯಾವ ದೀಪ ಹತ್ತಿತ್ತು, ಬೇರೆ ರ‍್ಯಾಮ್ ಹಾಕಿ ನೋಡಿದಿರಾ, ಬೇರೆ ಎಸ್‌ಎಂಪಿಎಸ್ ಹಾಕಿ ನೋಡಿದಿರಾ ಎಂದು ಕೇಳಿ. ನಿಜವಾಗಿ ಪರೀಕ್ಷಿಸಿದವರು ಬೇಸರಿಸದೆ ಹೇಳುತ್ತಾರೆ.

ಆಯುಧಪೂಜೆಯ ದಿನ ಕಂಪ್ಯೂಟರಿನ ಫೋಟೊ ನಮಗೆ ಬಂತು, ಹೂವಿನ ಹಾರ ಸಮೇತ. ಕುಂಕುಮವನ್ನು ಕ್ಯಾಬಿನೆಟ್ಟಿನ ಮುಚ್ಚಿದ ಪಕ್ಕದ ಮೇಲೆ ಇಟ್ಟಿದ್ದಾರೆ, ಜಾಲರಿಯ ಮೇಲಲ್ಲ. ಫ್ಯಾನ್ ಒಳಕ್ಕೆ ಎಳೆದುಕೊಳ್ಳುತ್ತದೆಂದು ಹುಡುಗನೇ ಅಜ್ಜಿಗೆ ಹೇಳಿದನಂತೆ. ಈಗ ಬಟನ್ ಒತ್ತಿದರೆ ಅರ್ಧ ನಿಮಿಷದೊಳಗೆ ಸ್ಕ್ರೀನ್ ಬರುತ್ತಿದೆ. ಮೊದಲ ಸಲ ಕಲಿತದ್ದನ್ನು ಬೋರ್ಡ್ ನೆನಪಿಟ್ಟುಕೊಂಡಿರುತ್ತದೆ. ರ‍್ಯಾಮ್ ಬದಲಿಸಿದಾಗ, ಬಯೋಸ್ ಅಪ್‌ಡೇಟ್ ಮಾಡಿದಾಗ, ಬ್ಯಾಟರಿ ತೆಗೆದಾಗ ಮಾತ್ರ ಆ ಕೆಲವು ನಿಮಿಷಗಳ ಕಪ್ಪು ಸ್ಕ್ರೀನ್ ಮತ್ತೆ ಬರುತ್ತದೆ.